ಮರಳಿಲ್ಲದ ದ್ವೀಪದಲ್ಲಿ ಒಬ್ಬಳೇ

ಯುಟ್ರೆಕ್ಟ್: ಐದು ಜನ, ಮೂರು ಬಾಗಿಲು

ಒಬ್ಬಳೇ ಎಲ್ಲಿಗಾದರೂ ಹೋಗಿಬಿಡಬೇಕು ಎಂದು ನನಗೆ ಮೊದಲ ಸಲ ಅನಿಸಿದ್ದು, ವ್ಯಾಕ್ಯೂಮ್ ಕ್ಲೀನರ್ ಇಡುವ ಗೂಡಿನೊಳಗೆ ಕೂತು ಆಫೀಸಿನ ಮೀಟಿಂಗ್ ಮುಗಿಸುತ್ತಿದ್ದಾಗ. ಅದು ಕೊರೊನಾ ಕಾಲದ ಎರಡನೆಯ ಚಳಿಗಾಲ. ನೆದರ್‌ಲ್ಯಾಂಡ್ಸಿನ ಯುಟ್ರೆಕ್ಟಿನಲ್ಲಿ ನಮ್ಮ ಫ್ಲ್ಯಾಟಿಗೆ ಒಳಬಾಗಿಲುಗಳು ಮೂರೇ. ಒಂದರ ಹಿಂದೆ ಮಲಗುವ ಕೋಣೆ, ಹಗಲಿನಲ್ಲಿ ಅದು ಗಂಡ ಗಿರೀಶನ ಆಫೀಸು. ಇನ್ನೊಂದರ ಹಿಂದೆ ಮಕ್ಕಳ ಕೋಣೆ. ತರಗತಿಯಲ್ಲಿ ಯಾರಿಗಾದರೂ ಪಾಸಿಟಿವ್ ಬಂದರೆ ಸಾಕು, ಶಾಲೆ ಅಲ್ಲಿಗೇ ಬಂದುಬಿಡುತ್ತಿತ್ತು. ಮೂರನೆಯದು ಬಚ್ಚಲಿನದು. ಅದನ್ನು ಸದಾ ಯಾರೋ ಒಬ್ಬರು ಬಡಿಯುತ್ತಲೇ ಇರುತ್ತಿದ್ದರು.

ಇದರ ನಡುವೆ ಹುಬ್ಬಳ್ಳಿಯಿಂದ ನಮ್ಮ ಅತ್ತೆ ಇಂದಿರಾಬಾಯಿ ಬಂದಿದ್ದರು. ಮೂರು ತಿಂಗಳಿದ್ದು ಹೋಗುವವರಿದ್ದರು. ಅಷ್ಟರಲ್ಲಿ ವೈರಸ್ಸಿನ ಹೊಸ ತಳಿ ಬಂತು, ವಿಮಾನಗಳು ಇವತ್ತು ಉಂಟು ನಾಳೆ ಇಲ್ಲ ಎನ್ನುವಂತಾದವು, ಅವರು ವೀಸಾ ವಿಸ್ತರಿಸಿಕೊಂಡು ನಮ್ಮ ಹಾಲಿನಲ್ಲಿ ನೆಲೆಯೂರಿದರು. ಅತ್ತೆ ಜಗಳಗಂಟಿಯಲ್ಲ. ಆದರೆ ಮನೆಯಲ್ಲಿ ಏನೇ ಸದ್ದಾದರೂ ಅದರ ಕಾರಣ ಅವರಿಗೆ ಗೊತ್ತಾಗಬೇಕು. ಮಗಳು ತನ್ವಿ ಡಚ್ ಮಕ್ಕಳ ಹಾಗೆ ನನ್ನನ್ನು "ಮಾಮಾ" ಎಂದು ಕೂಗುವುದನ್ನು ಕೇಳಿ ಮೊದಲ ವಾರವಿಡೀ ಅವರು, "ಯಾವ ಮಾಮಾ ಬಂದಾನ?" ಎಂದು ಬಾಗಿಲ ಕಡೆ ನೋಡುತ್ತಿದ್ದರು.

ನಾನು ಮೈಸೂರಿನ ತುಂಬಿದ ಮನೆಯಲ್ಲಿ ಬೆಳೆದವಳು. ಅಲ್ಲಿಂದ ಹಾಸ್ಟೆಲ್ಲು, ಕೋಣೆಯಲ್ಲಿ ಇನ್ನೂ ಮೂವರು. ಅಲ್ಲಿಂದ ಮದುವೆ. ಹುಟ್ಟಿದಾಗಿನಿಂದ ಒಂದು ರಾತ್ರಿಯೂ ಒಬ್ಬಳೇ ಮಲಗಿದವಳಲ್ಲ. ಅದು ನನಗೆ ಕೊರತೆ ಎಂದು ಅನಿಸಿಯೂ ಇರಲಿಲ್ಲ. ಆದರೆ ಆ ದಿನ ಗೂಡಿನ ಪರದೆ ಸರಿಸಿ ಮಗ ಪೆನ್ಸಿಲ್ ಕೇಳಿದ, ಮಗಳು ತಿಂಡಿ ಕೇಳಿದಳು, ಗಿರೀಶ "ಸುಧಾ, ನನ್ನ ಚಾರ್ಜರ್ ನೋಡಿದ್ಯಾ?" ಎಂದ. ನನ್ನ ಮೈಕ್ ತೆರೆದೇ ಇತ್ತು. "ಎಲ್ಲರೂ ಸುಮ್ನೆ ಹೋಗ್ತೀರಾ!" ಎಂದು ನಾನು ಕಿರುಚಿದ್ದನ್ನು ನಮ್ಮ ಇಡೀ ಟೀಮು ಕೇಳಿಸಿಕೊಂಡಿತು. ಭಾಷೆ ತಿಳಿಯದಿದ್ದರೂ ಎಲ್ಲರೂ ಸುಮ್ಮನಾದರು.

ಗ್ರೋನಿಂಗನ್: ಹೋಗಿ ಬಂದದ್ದು

ಅದೇ ವಾರ ಕೊತ್ತಂಬರಿ ಸೊಪ್ಪು ತರುತ್ತೇನೆಂದು ಹೊರಗೆ ಹೋದೆ. ತುರ್ಕಿ ಅಂಗಡಿಯಲ್ಲಿ ಸೊಪ್ಪು ಕೊಂಡೆ. ಮನೆಗೆ ಬರುವ ದಾರಿಯಲ್ಲಿ ರೈಲು ನಿಲ್ದಾಣ. ಉತ್ತರದ ಕೊನೆಯ ಊರಾದ ಗ್ರೋನಿಂಗನ್‌ಗೆ ಹೋಗುವ ರೈಲು ನಿಂತಿತ್ತು. ಒಂದು ಬೋಗಿಯ ಗಾಜಿನ ಮೇಲೆ 'ಸ್ಟಿಲ್ಟೆ' ಎಂದು ಬರೆದಿತ್ತು. ಮೌನ ಎಂದರ್ಥ. ಈ ದೇಶದಲ್ಲಿ ಮೌನಕ್ಕೆ ಬೇರೆ ಬೋಗಿಯೇ ಇದೆ, ಅಲ್ಲಿ ಮಾತಾಡುವಂತಿಲ್ಲ. ಎಷ್ಟೋ ವರ್ಷದಿಂದ ನೋಡಿದ್ದೆ. ಅವತ್ತು ಆ ಪದ ನನ್ನನ್ನು ಹೆಸರು ಹಿಡಿದು ಕರೆದ ಹಾಗಾಯಿತು. ಹತ್ತಿ ಕೂತುಬಿಟ್ಟೆ.

ಹೊರಗೆ ನೀರು ನಿಂತ ಹೊಲಗಳು, ಕುರಿಗಳು, ಮತ್ತೆ ಹೊಲಗಳು. ಎದುರಿಗೆ ಕೂತ ಯಜಮಾನರೊಬ್ಬರು ಮಾಸ್ಕ್ ಕೆಳಗಿಳಿಸಿ, ಬ್ರೆಡ್ಡಿನ ಮೇಲೆ ಉದುರಿಸಿದ ಚಾಕೊಲೇಟ್ ಕಾಳುಗಳನ್ನು ಒಂದೂ ಬೀಳದಂತೆ ತಿನ್ನುತ್ತಿದ್ದರು. ನನ್ನ ಕೊತ್ತಂಬರಿ ಚೀಲ ಸರಬರ ಎಂದಾಗ ತಲೆ ಎತ್ತಿ ಗಾಜಿನ ಮೇಲಿನ ಅಕ್ಷರವನ್ನು ಬೆರಳಿನಿಂದ ತೋರಿಸಿದರು. ಸೊಪ್ಪನ್ನು ಕೋಟಿನೊಳಗೆ ತುರುಕಿಕೊಂಡೆ. ಗ್ರೋನಿಂಗನ್‌ನಲ್ಲಿ ಪ್ಲಾಟ್‌ಫಾರ್ಮಿನ ಮೇಲೇ ನಿಂತು ಒಂದು ಕಾಫಿ ಕುಡಿದು, ಮುಂದಿನ ರೈಲಿನಲ್ಲಿ ವಾಪಸು ಬಂದೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ಇದ್ದರು.

"ಎಲ್ಲಿಗೆ ಹೋಗಿದ್ದಿ?"

"ಗ್ರೋನಿಂಗನ್‌ಗೆ, ಅತ್ತೆ."

"ಅಲ್ಲಿ ಯಾರಿದ್ದಾರ?"

"ಯಾರೂ ಇಲ್ಲ. ಅದಕ್ಕೇ ಹೋಗಿದ್ದೆ."

ಬೈಯುತ್ತಾರೆಂದುಕೊಂಡೆ. ಅವರು ನನ್ನ ಕೋಟಿನೊಳಗಿಂದ ಕೊತ್ತಂಬರಿ ಹೊರಗೆಳೆದು, ಬಾಡಿದ ಎಲೆಗಳನ್ನು ಆರಿಸತೊಡಗಿದರು. ಆಮೇಲೆ, "ಇಷ್ಟ ದೂರ ಹೋಗಿ ನಿಂತ ನಿಂತಲ್ಲೇ ಬಂದ್ಯಾ? ಹೋಗೂದಾದ್ರ ನೆಟ್ಟಗ ಹೋಗಬೇಕು. ನಾ ಇಲ್ಲಿ ಇರೂತನಕ ಮನಿ ನೋಡಕೋತೀನಿ. ಯಾರೂ ಇಲ್ಲದ ಊರು ಹುಡುಕು" ಎಂದರು.

ಅಡುಗೆಮನೆಯ ಮೇಜು: ದ್ವೀಪದ ಸ್ವಯಂವರ

ಹುಡುಕುವುದು ನನ್ನ ಕೆಲಸ ಎಂದುಕೊಂಡಿದ್ದೆ. ಅದು ಮನೆಯವರೆಲ್ಲರ ಕೆಲಸವಾಯಿತು. ಒಬ್ಬಳೇ ಹೋಗುವ ಊರನ್ನು ಐದು ಜನ ಸೇರಿ ಆರಿಸಿದೆವು.

ಕೆರಿಬಿಯನ್ ಎಂದು ಮೊದಲು ಹೇಳಿದ್ದು ತನ್ವಿ. ಆ ಸಮುದ್ರದಲ್ಲಿ ಕೆಲವು ದ್ವೀಪಗಳು ಇಂದಿಗೂ ನೆದರ್‌ಲ್ಯಾಂಡ್ಸಿಗೇ ಸೇರಿವೆ ಎಂದು ಅವಳ ಶಾಲೆಯ ಪುಸ್ತಕದಲ್ಲಿತ್ತು. ಅತ್ತೆಗೆ ಆಶ್ಚರ್ಯ. "ಇವರದ ಬೆಚ್ಚಗಿನ ಊರು ಇದ್ದೂ ಈ ಥಂಡ್ಯಾಗ ಯಾಕ ಕೂತಾರ ಇವರು?" ಎಂದರು.

ಗಿರೀಶ ಎಕ್ಸೆಲ್ ತೆರೆದು ರೆಸಾರ್ಟುಗಳಿಗೆ ಅಂಕ ಕೊಡತೊಡಗಿದ. ಅವನ ಮೊದಲ ಆಯ್ಕೆಯ ಫೋಟೋದಲ್ಲಿ ಈಜುಕೊಳದ ಸುತ್ತ ಕುರ್ಚಿಗಳು ಶಾದಿಮಹಲಿನ ಹಾಗೆ ಸಾಲುಗಟ್ಟಿದ್ದವು. ಮಗ ನೀರಿನ ಜಾರುಬಂಡೆ ಇರಲೇಬೇಕೆಂದ. "ನೀನು ಬರ್ತಿಲ್ಲ ಕಣೋ" ಎಂದರೆ, "ಆದ್ರೂ ಇರ್ಲಿ" ಎಂದ. ಬೊನೇರ್ ಎಂಬ ದ್ವೀಪವನ್ನು ಬಹುತೇಕ ನಿಶ್ಚಯಿಸಿದ್ದೆ. ಅಷ್ಟರಲ್ಲಿ ನಮ್ಮ ಕನ್ನಡದ ವಾಟ್ಸ್ಯಾಪ್ ಗುಂಪಿನಲ್ಲಿ ರೈಸ್‌ವೈಕ್ ಎಂಬ ಊರಿನ ಎರಡು ಕುಟುಂಬಗಳು ಅಲ್ಲಿಂದಲೇ ಫೋಟೋ ಹಾಕಿದವು, ಜೊತೆಗೆ ಪುಳಿಯೋಗರೆಯ ಡಬ್ಬಿ. ಬೊನೇರ್ ಬಿದ್ದುಹೋಯಿತು.

ಕೊನೆಗೆ ದಾರಿ ತೋರಿಸಿದ್ದು ಅತ್ತೆ. ಮೊಮ್ಮಗನ ಟ್ಯಾಬ್ಲೆಟ್ಟನ್ನು ತಮ್ಮದಾಗಿಸಿಕೊಂಡಿದ್ದ ಅವರು ಹೋಗಿಬಂದವರ ಅಭಿಪ್ರಾಯಗಳನ್ನು ಕನ್ನಡಕ್ಕೆ ತಿರುಗಿಸಿ ಓದುವುದನ್ನು ಕಲಿತಿದ್ದರು. ಹೊಗಳಿದ್ದನ್ನು ಓದುತ್ತಲೇ ಇರಲಿಲ್ಲ. ಬೈದದ್ದನ್ನು ಮಾತ್ರ ಓದುತ್ತಿದ್ದರು.

"ಕೇಳಿಲ್ಲೆ. 'ಇಲ್ಲಿ ಮಾಡಲು ಏನೂ ಇಲ್ಲ.' ಒಂದ ಸ್ಟಾರು. 'ಸಂಜೆಯಾದರೆ ಊರೇ ಮಲಗುತ್ತದೆ.' ಎರಡ ಸ್ಟಾರು. 'ಎಷ್ಟು ನಿಶ್ಶಬ್ದವೆಂದರೆ ಹೆಂಡತಿಯೊಡನೆ ಮಾತನಾಡುವುದು ಅನಿವಾರ್ಯವಾಯಿತು.' ಇಂವಾ ಒಂದೂ ಕೊಟ್ಟಿಲ್ಲ." ಅತ್ತೆ ಮೇಜು ಗುದ್ದಿದರು. "ಇದ ನೋಡವಾ ನಿನ್ನ ಊರು!"

ಊರಿನ ಹೆಸರು ಸೇಬಾ. ಡಚ್ಚರು ಸಾಬಾ ಎನ್ನುತ್ತಾರೆ, ಅಲ್ಲಿನವರು ಸೇಬಾ. ಸಮುದ್ರದ ನಡುವೆ ಒಂದೇ ಒಂದು ಬೆಟ್ಟ, ಅದರ ಇಳಿಜಾರಿನಲ್ಲಿ ನಾಲ್ಕಾರು ಕಾಟೇಜುಗಳ ಒಂದು ರೆಸಾರ್ಟು. ಗಿರೀಶ ಮಾತ್ರ ಇನ್ನೂ ಗೊಣಗುತ್ತಿದ್ದ. "ಅವ್ವಾ, ಒಬ್ಬಾಕಿ ಅಷ್ಟ ದೂರ ಹೋಗಿ ಏನ ಮಾಡ್ತಾಳ?"

"ನೀ ಒಬ್ಬಾಂವ ಖೋಲ್ಯಾಗ ಕೂತು ಏನ ಮಾಡ್ತೀಯೋ ಅದನ್ನ ಮಾಡ್ತಾಳ" ಎಂದರು ಅತ್ತೆ. ಅವನು ಲ್ಯಾಪ್‌ಟಾಪ್ ಮುಚ್ಚಿದ. ಫೆಬ್ರವರಿಯಲ್ಲಿ ಹೊರಡುವುದೆಂದಾಯಿತು. ಹುಲ್ಲಿನ ಟೋಪಿ, ಬೀಚಿನ ಚಾಪೆ, ಮೊಣಕಾಲಿನವರೆಗೆ ಬರುವ ಈಜುಡುಗೆ ಎಲ್ಲವನ್ನೂ ಕೊಂಡೆ. ಈಜು ಬರದಿದ್ದರೂ ಮರಳಿನ ಮೇಲೆ ಬಿದ್ದುಕೊಳ್ಳುವುದಕ್ಕೆ ಬರುತ್ತಿತ್ತು.

ಸೇಬಾ: ಬಂಡೆಯ ಮೇಲೆ ಇಳಿದದ್ದು

ದೊಡ್ಡ ವಿಮಾನ ಸೇಂಟ್ ಮಾರ್ಟಿನ್ ಎಂಬ ದ್ವೀಪದವರೆಗೆ ಮಾತ್ರ. ಅಲ್ಲಿಂದ ಮುಂದಕ್ಕೆ ಮಿನಿಬಸ್ಸಿನಷ್ಟು ವಿಮಾನ. ಪಕ್ಕದ ಸೀಟಿನ ಅಜ್ಜಿ ತೊಡೆಯ ಮೇಲೆ ಕೇಕಿನ ಡಬ್ಬಿ ಇಟ್ಟುಕೊಂಡಿದ್ದರು. ಮಾಸ್ಕಿನೊಳಗಿಂದಲೇ ನನ್ನ ಹೆಸರು, ಊರು, ಗಂಡನ ಕೆಲಸ, ಮಕ್ಕಳೆಷ್ಟು, ಅವರನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಲ್ಲವನ್ನೂ ವಿಚಾರಿಸಿದರು. ಅಷ್ಟರಲ್ಲಿ ಕಿಟಕಿಯ ತುಂಬ ಕಡುಗಪ್ಪು ಬಂಡೆ ಬಂತು. ವಿಮಾನ ನೇರ ಅದರತ್ತಲೇ ಹೋಗುತ್ತಿತ್ತು. ನಾನು ರಾಯರನ್ನು ನೆನೆದು ಕಣ್ಣು ಮುಚ್ಚಿದೆ. ಧಡ್ ಎಂದು ಇಳಿದು, ನಿಂತೇಬಿಟ್ಟೆವು. ರನ್‌ವೇ ಎಂದರೆ ಮೈಸೂರಿನ ಯಾವುದಾದರೂ ಬಡಾವಣೆಯ ಒಂದು ಬೀದಿಯಷ್ಟು, ಎರಡೂ ತುದಿಗೆ ಸಮುದ್ರ. ಅಜ್ಜಿ ಕೇಕಿನ ಡಬ್ಬಿ ತೆರೆದು ನೋಡಿ, "ಏನೂ ಆಗಿಲ್ಲ" ಎಂದರು. ನನ್ನ ಬಗ್ಗೆ ಅಲ್ಲ.

ರೆಸಾರ್ಟಿನ ಒಡತಿ ಲೋರ್ನಾ ಜೀಪು ತಂದಿದ್ದರು. ಅರವತ್ತರ ಆಸುಪಾಸಿನ, ಗಟ್ಟಿ ದನಿಯ ಹೆಂಗಸು. ರಸ್ತೆ ಹಾವಿನಂತೆ ಬೆಟ್ಟ ಹತ್ತುತ್ತಿತ್ತು. ಬಿಳಿ ಗೋಡೆಯ, ಕೆಂಪು ಚಾವಣಿಯ ಮನೆಗಳು. ಎಲ್ಲಿ ನೋಡಿದರೂ ಕೆಸುವಿನೆಲೆ, ಒಂದೊಂದೂ ಛತ್ರಿಯಷ್ಟು. ರಾಜಧಾನಿಯ ಹೆಸರು 'ಬಾಟಮ್', ಅಂದರೆ ತಳ. ಅದೂ ಬೆಟ್ಟದ ಮೇಲೆಯೇ ಇತ್ತು.

"ಬೀಚು ಯಾವ ಕಡೆ?" ಎಂದು ಕೇಳಿದೆ.

ಲೋರ್ನಾ ಜೀಪು ನಿಲ್ಲಿಸಿದರು. ನನ್ನ ಟೋಪಿ ನೋಡಿದರು, ಸುತ್ತಿಟ್ಟ ಚಾಪೆ ನೋಡಿದರು. ಆಮೇಲೆ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಗತೊಡಗಿದರು.

"ಬೀಚು ಇದೆ ಮಗಳೇ. ಆದರೆ ಬೇಸಿಗೆಯಲ್ಲಿ ಬರುತ್ತೆ. ಅಲೆಗಳು ಮರಳು ತಂದು ಹಾಕ್ತವೆ, ಚಳಿಗಾಲಕ್ಕೆ ವಾಪಸು ತಗೊಂಡು ಹೋಗ್ತವೆ. ಈಗ ಬರೀ ಬಂಡೆ. ಹೊರಡೋ ಮುಂಚೆ ಓದಲಿಲ್ಲವಾ?"

ಬೈಗುಳವನ್ನು ಮಾತ್ರ ಓದಿ ಊರು ಆರಿಸಿದ್ದೆವು. ಇಲ್ಲದ ಮರಳನ್ನು ಯಾರೂ ಬೈದಿರಲಿಲ್ಲ.

ಕಾಟೇಜು: ನನ್ನದೇ ಬಾಗಿಲು

ಕಾಟೇಜಿಗೆ ಒಂದು ಕೋಣೆ, ಒಂದು ವರಾಂಡ, ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಬಾಗಿಲು. ಹೋದವಳೇ ಚಿಲಕ ಹಾಕಿ ನೋಡಿದೆ, ತೆಗೆದೆ, ಮತ್ತೆ ಹಾಕಿದೆ. ಮಂಚದ ನಟ್ಟನಡುವೆ ಅಡ್ಡಡ್ಡ ಮಲಗಿದೆ. ಎದ್ದಾಗ ಮೋಡ ಕಿಟಕಿಯೊಳಗೇ ಬಂದು ಕೂತಿತ್ತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಎಂಥ ಸುಖ! ಆ ಸುಖ ಮಾರನೆಯ ದಿನ ಮಧ್ಯಾಹ್ನದವರೆಗೆ ಇತ್ತು. ಆಮೇಲೆ ಏನು ತಿನ್ನಬೇಕೆಂದು ತೋಚಲಿಲ್ಲ. ಬೇರೆಯವರಿಗೆ ಏನು ಬೇಕು ಎಂದು ಕೇಳಿ ಕೇಳಿ, ನನಗೇನು ಬೇಕು ಎಂಬುದೇ ಮರೆತುಹೋಗಿತ್ತು. ಫ್ರಿಜ್ಜಿನ ಬಾಗಿಲು ತೆರೆದು ಬಹಳ ಹೊತ್ತು ನಿಂತಿದ್ದೆ.

ಲೋರ್ನಾ ಬಂದು, "ಕೋಳಿ ಮಾಡಲಾ?" ಎಂದರು. ತಿನ್ನುವುದಿಲ್ಲ ಎಂದೆ. "ಮೀನು?" ಇಲ್ಲ. "ಮೊಟ್ಟೆ?" ಅದೂ ಇಲ್ಲ. ಅವರ ಮುಖದಲ್ಲಿ ಮರುಕ ಮೂಡಿತು. "ಯಾವ ಡಾಕ್ಟರು ಹೇಳಿದ್ದು?" ತರಕಾರಿಯ ಹಡಗು ಬರುವವರೆಗೆ ಕುಂಬಳಕಾಯಿ, ಬಾಳೆಕಾಯಿ ತಿಂದೆ. ಬಾಳೆಕಾಯಿಗೆ ಒಗ್ಗರಣೆ ಹಾಕಿ ಲೋರ್ನಾಗೂ ಕೊಟ್ಟೆ. "ಕಾಯಿಲೆಯವರ ಊಟ ಇಷ್ಟು ಖಾರ ಇರುತ್ತಾ?" ಎಂದು ತಟ್ಟೆ ಖಾಲಿ ಮಾಡಿದರು.

ವರಾಂಡದ ಕುರ್ಚಿಯ ಮೇಲಿಟ್ಟಿದ್ದ ಹುಲ್ಲಿನ ಟೋಪಿಯನ್ನು ಒಂದು ಮೇಕೆ ತಿಂದಿತು. ಅಲ್ಲಿ ಮೇಕೆಗಳಿಗೆ ಒಡೆಯರಿಲ್ಲ, ಸಂಕೋಚವೂ ಇಲ್ಲ. ಅದು ನನ್ನನ್ನೇ ನೋಡುತ್ತಾ ಸಾವಕಾಶವಾಗಿ ಅಗಿಯಿತು. ನಾನೂ ಬಿಡಿಸಿಕೊಳ್ಳಲು ಹೋಗಲಿಲ್ಲ. ಟೋಪಿಯಿಂದ ಒಬ್ಬರಿಗಾದರೂ ಪ್ರಯೋಜನವಾಯಿತಲ್ಲ.

ಇನ್ನು ಒಬ್ಬಳೇ ನಡೆದು ಬರೋಣ ಎಂದು ರಸ್ತೆಗಿಳಿದೆ. ಸೇಬಾದಲ್ಲಿ ಒಬ್ಬರೇ ನಡೆಯುವುದು ಸಾಧ್ಯವೇ ಇಲ್ಲ. ಬರುವ ಕಾರೆಲ್ಲ ನಿಲ್ಲುತ್ತದೆ. "ಹತ್ತು, ಬಿಡ್ತೀನಿ." "ಬೇಡ, ನಡೀತಿದ್ದೀನಿ." "ಯಾಕೆ, ಏನಾಯ್ತು?" ನಡೆಯುವವರಿಗೆ ಏನೋ ಆಗಿರಲೇಬೇಕು ಎಂಬುದು ಅವರ ನಂಬಿಕೆ. ಒಂದು ಪಿಕಪ್ ಗಾಡಿಯವನಂತೂ, "ನೀನೇ ಅಲ್ಲವಾ, ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಬಂದವಳು?" ಎಂದ. ಕೇಕಿನ ಅಜ್ಜಿ ಊರಿಗೆಲ್ಲ ಹಂಚಿದ್ದು ಕೇಕನ್ನು ಮಾತ್ರವಲ್ಲ. ಯುಟ್ರೆಕ್ಟಿನಲ್ಲಿ ಎದುರು ಮನೆಯವರಿಗೆ ನನ್ನ ಹೆಸರು ಗೊತ್ತಿಲ್ಲ. ಇಲ್ಲಿ, ಏಕಾಂತವನ್ನು ಹುಡುಕಿಕೊಂಡು ಬಂದ ಬಂಡೆಯ ಮೇಲೆ, ಇಡೀ ಊರಿಗೆ ನಾನು ಯಾರ ಸೊಸೆ ಎಂದು ಗೊತ್ತಾಗಿತ್ತು.

ರನ್‌ವೇಯ ಪಕ್ಕದ ಕಟ್ಟೆ

ಒಂದು ಬೆಳಿಗ್ಗೆ ಗಿರೀಶನ ಫೋನು ಬಂತು. ಅವನ ದನಿ ಸಣ್ಣದಾಗಿತ್ತು. "ಅವ್ವಗ ಪಾಸಿಟಿವ್ ಬಂದದ. ನಿನ್ನೆಯಿಂದ ಜ್ವರ. ನಿನಗೆ ಹೇಳಬ್ಯಾಡ ಅಂದಿದ್ಲು."

ನಮಗ್ಯಾರಿಗೂ ಏನೂ ಇಲ್ಲ, ಅವ್ವನಿಗೆ ಲಸಿಕೆಯ ಎರಡೂ ಸೂಜಿ ಆಗಿವೆ, ನಮ್ಮ ಕೋಣೆಯಲ್ಲಿ ಬಾಗಿಲು ಹಾಕಿ ಮಲಗಿಸಿದ್ದೇವೆ ಎಂದ. ಡಾಕ್ಟರಿಗೆ ಫೋನು ಮಾಡಿದರೆ ಪ್ಯಾರಾಸಿಟಮಾಲ್ ಕೊಡಿ ಎಂದರಂತೆ. ನೆದರ್‌ಲ್ಯಾಂಡ್ಸಿನಲ್ಲಿ ಬೆನ್ನುನೋವಿಗೂ ಅದೇ, ಕೈ ಮುರಿದರೂ ಮೊದಲು ಅದೇ. ಆದರೆ ಅವತ್ತು ನನಗೆ ನಗು ಬರಲಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ ಇತ್ತು. ಹಿಂದಿನ ವರ್ಷ ಹುಬ್ಬಳ್ಳಿಯಲ್ಲಿ ಅವರ ತಂಗಿ ಇದೇ ರೋಗಕ್ಕೆ ಹೋಗಿದ್ದರು, ಕೊನೆಯ ದರ್ಶನ ಯಾರಿಗೂ ಸಿಕ್ಕಿರಲಿಲ್ಲ. ಸಾವಿರಾರು ಮೈಲಿ ಬಂದು ಬಂಡೆಯ ಮೇಲೆ ಬಾಳೆಕಾಯಿ ತಿನ್ನುತ್ತಾ ಕೂತ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಬಟ್ಟೆ ತುರುಕಿಕೊಂಡೆ. ಸುದ್ದಿ ಕೇಳಿದ ಲೋರ್ನಾ ದೂರದಲ್ಲೇ ನಿಂತು ಒಂದು ಟೆಸ್ಟ್ ಕಿಟ್ ಚಾಚಿದರು. ನೆಗೆಟಿವ್ ಬಂತು. "ಕೂತ್ಕೋ" ಎಂದು ಜೀಪು ತೆಗೆದರು.

ವಿಮಾನ ನಿಲ್ದಾಣದಲ್ಲಿ ಗಾಳಿ ಹುಚ್ಚೆದ್ದಿತ್ತು. ಒಳಗೆ ಕೂರಲಾಗದೆ ಹೊರಗಿನ ಕಟ್ಟೆಯ ಮೇಲೆ ಕೂತೆವು, ನಡುವೆ ನನ್ನ ಚೀಲ. ವಿಮಾನ ಕಾಣಿಸಿತು. ಬಂಡೆಯ ಹತ್ತಿರ ಬಂದು, ಒಂದು ರೆಕ್ಕೆ ಎತ್ತಿ ಸುತ್ತು ಹಾಕಿತು. ಇನ್ನೊಂದು ಸುತ್ತು. ಆಮೇಲೆ ಬಂದ ದಾರಿಯಲ್ಲೇ ಸೇಂಟ್ ಮಾರ್ಟಿನ್ ಕಡೆಗೆ ಹೋಗಿಬಿಟ್ಟಿತು. ನಾನು ಎದ್ದು ನಿಂತು ಕೈ ಬೀಸಿದೆ, ಸಿಟಿಬಸ್ಸು ತಪ್ಪಿದವರ ಹಾಗೆ. ಮತ್ತೆ ಕೂತು ಅತ್ತುಬಿಟ್ಟೆ.

ಲೋರ್ನಾ ಸಮಾಧಾನ ಹೇಳಲಿಲ್ಲ, ಹತ್ತಿರಕ್ಕೂ ಬರಲಿಲ್ಲ. "ಆಗಲೂ ಹೀಗೇ ಆಗಿತ್ತು" ಎಂದರು. "ಕೊರೊನಾಗೆ ದ್ವೀಪ ಮುಚ್ಚಿದ್ದಾಗ ನನ್ನ ಅಣ್ಣ ಸೇಂಟ್ ಮಾರ್ಟಿನ್ ಆಸ್ಪತ್ರೆಯಲ್ಲಿದ್ದ. ಅಡುಗೆಮನೆ ಕಿಟಕಿಯಿಂದ ಆ ದ್ವೀಪ ಕಾಣುತ್ತೆ. ದಿನಾ ನೋಡ್ತಿದ್ದೆ."

"ಆಮೇಲೆ?"

"ವಾಪಸು ಬಂದ. ಈಗ ದಿನಾ ಜಗಳ ಆಡ್ತೀವಿ."

ಅಷ್ಟರಲ್ಲಿ ವಿಡಿಯೋ ಕರೆ ಬಂತು. ಅತ್ತೆ! ನನ್ನ ದಿಂಬಿಗೆ ಒರಗಿ ಕೂತಿದ್ದರು. ಮುಖ ಬಾಡಿತ್ತು, ಪ್ರತಿ ಮಾತಿಗೂ ಕೆಮ್ಮು. "ಡಾಕ್ಟರ ಮನಿಗೇ ಬಂದಿದ್ದ. ಎದಿ ನೋಡಿದ, ಬೆರಳಿಗೆ ಚಿಮಟಾ ಹಾಕಿ ನೋಡಿದ. ದವಾಖಾನಿ ಬ್ಯಾಡ ಅಂದಾನ. ಮತ್ತ ಅದ ಗುಳಿಗಿ ಕೊಟ್ಟ. ಇವರಿಗೆ ಬ್ಯಾರೆ ಔಷಧ ಗೊತ್ತ ಇಲ್ಲೇನ?"

"ಅತ್ತೆ, ನಾನು ಬರ್ತಿದ್ದೀನಿ. ನಾಳೆ ವಿಮಾನಕ್ಕೆ..."

"ಬಂದು?"

"ನಿಮ್ಮನ್ನ ನೋಡ್ಕೊಳ್ಳೋಕೆ."

"ಬಾಗಿಲಾ ಹಾಕ್ಯಾರಲ್ಲ, ಹ್ಯಾಂಗ ನೋಡ್ತಿ?" ಕೆಮ್ಮು ನಿಲ್ಲುವವರೆಗೆ ಕಾದರು. ಆಮೇಲೆ ಫೋನನ್ನು ಬಾಯಿಯ ಹತ್ತಿರ ತಂದು ಗುಟ್ಟು ಹೇಳುವವರ ಹಾಗೆ ಹೇಳಿದರು. "ಸುಧಾ, ಗಿರೀಶಗ ಹೇಳಬ್ಯಾಡ. ನನಗ ಭಾಳ ಛಲೋ ಅನಸಲಿಕ್ಕೆ ಹತ್ತೇದ. ಛಾ ಬಾಗಿಲಕ್ಕ ತಂದು ಇಡ್ತಾನ. ಊಟಾ ತಂದು ಇಡ್ತಾನ. ತಾಟು ಸುದ್ದಾ ತೊಳಿಯೂದಿಲ್ಲ. ನಾ ಹುಟ್ಟಿದಾಗಿಂದ ಒಂದ ಖೋಲ್ಯಾಗ ಒಬ್ಬಾಕಿ ಮಲಗಿಲ್ಲವ್ವಾ. ನಿನಗಷ್ಟ ಅಲ್ಲ, ನನಗೂ ರೆಸಾರ್ಟು ಸಿಕ್ಕದ. ನೀ ಬಂದ್ರ ಎರಡೂ ಹಾಳ."

ನಾನು ಅಳುತ್ತಲೇ ನಕ್ಕೆ. ಮಾತು ತಿಳಿಯದಿದ್ದರೂ ಲೋರ್ನಾ ಚೀಲ ಎತ್ತಿ ಜೀಪಿಗೆ ಹಾಕಿದರು.

ಉಳಿದ ದಿನಗಳು

ಆಮೇಲೆ ನನ್ನ ಏಕಾಂತಕ್ಕೆ ಒಂದು ಕ್ರಮ ಬಂತು. ಬೆಳಿಗ್ಗೆ ಅತ್ತೆಯ ಕರೆ. ಮೊದಲ ದಿನಗಳಲ್ಲಿ ಜ್ವರ ಎಷ್ಟು, ಕೆಮ್ಮು ಹೇಗಿದೆ ಎಂಬ ಮಾತು. ಅವರು ಮಾತಾಡುತ್ತಾ ಮಾತಾಡುತ್ತಾ ನಿದ್ದೆಹೋದರೆ, ಉಸಿರು ಏರಿಳಿಯುವುದನ್ನು ನೋಡುತ್ತಾ ಕೂರುತ್ತಿದ್ದೆ. ಜ್ವರ ಬಿಟ್ಟ ಮೇಲೆ ಮಾತಿನ ದಾರಿ ಬದಲಾಯಿತು. ಇಬ್ಬರೂ ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರೇ ಕೂತು, ಒಂದೇ ಮನೆಯಲ್ಲಿದ್ದಾಗ ಆಡದ ಎಷ್ಟೋ ಮಾತು ಆಡಿದೆವು. ಮದುವೆಯಾಗಿ ಬಂದಾಗ ಅವರ ಮನೆಯಲ್ಲಿ ಸೊಸೆಯರಿಗೆ ಕದವಿದ್ದ ಜಾಗ ಉಗ್ರಾಣವೊಂದೇ ಆಗಿತ್ತಂತೆ. "ಬ್ಯಾಳಿ ತೊಗೊಂಡು ಬರತೀನಿ ಅಂತ ಹೋಗಿ ಜ್ವಾಳದ ಚೀಲದ ಮ್ಯಾಲೆ ಸುಮ್ಮ ಕೂಡತಿದ್ದೆ" ಎಂದರು. ಗ್ರೋನಿಂಗನ್ ಎಂದಾಗ ಅವರೇಕೆ ಬೈಯಲಿಲ್ಲ ಎಂಬುದು ನನಗೆ ಅರ್ಥವಾಯಿತು.

ಮೋಡವಿಲ್ಲದ ಒಂದು ದಿನ ಬೆಟ್ಟದ ತುದಿಗೆ ಹತ್ತಿದೆ. ಮೆಟ್ಟಿಲುಗಳು ಪಾಚಿಗಟ್ಟಿದ್ದವು. ಮರಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಏದುಸಿರು ಬಿಡುತ್ತಾ, ಕೂತು ಕೂತು ಹತ್ತಿದೆ. ಮೇಲೆ ಯಾರೂ ಇರಲಿಲ್ಲ. ಸುತ್ತ ಎಲ್ಲಿ ತಿರುಗಿದರೂ ಸಮುದ್ರ. ಜೋರಾಗಿ ಏನಾದರೂ ಕೂಗಬೇಕೆನಿಸಿತು. ಏನೆಂದು ತಿಳಿಯದೆ ನನ್ನ ಹೆಸರನ್ನೇ ಕೂಗಿದೆ. ಯಾರೂ ಓಗೊಡಲಿಲ್ಲ, ಯಾರೂ ಚಾರ್ಜರ್ ಕೇಳಲಿಲ್ಲ. ಹಸಿವಾದಾಗ ಏನು ತಿನ್ನಬೇಕೆಂದು ಥಟ್ಟನೆ ಹೊಳೆಯಿತು: ಮಾವಿನಕಾಯಿ ಚಿತ್ರಾನ್ನ. ಕೆಳಗಿಳಿದು, ಲೋರ್ನಾ ಹಿತ್ತಲಿನ ಮಾವಿನಕಾಯಿ ತುರಿದು, ನನಗಾಗಿಯೇ ಮಾಡಿಕೊಂಡು ತಿಂದೆ.

ಮತ್ತೆ ಯುಟ್ರೆಕ್ಟ್

ನಾನು ವಾಪಸು ಬಂದ ದಿನ ಮನೆ ಭಾರತದ ರೈಲು ನಿಲ್ದಾಣದ ಹಾಗಿತ್ತು. ಸಿಂಕಿನ ತುಂಬ ಪಾತ್ರೆ, ಸೋಫಾದ ಮೇಲೆ ಗಿರೀಶನ ಹಾಸಿಗೆ. ಅವನು ಎರಡು ಸುತ್ತು ಇಳಿದಿದ್ದ. ಮಕ್ಕಳಿಬ್ಬರೂ ಕಾಲಿಗೆ ಜೋತುಬಿದ್ದರು. "ಮಾಮಾ, ಪಪ್ಪ ಡೈಲಿ ಪಾಸ್ತಾ ಮಾಡಿದ್ರು!" ಎಂದು ತನ್ವಿ ದೂರು ಹೇಳಿದಳು. ಅವರನ್ನು ಅಪ್ಪಿಕೊಂಡಾಗ ಎಷ್ಟು ಹಸಿದಿದ್ದೆನೆಂದು ನನಗೇ ಗೊತ್ತಾಯಿತು.

"ಅವ್ವನ ಐಸೋಲೇಶನ್ ಮುಗಿದು ಹೋಗೇದ" ಎಂದ ಗಿರೀಶ, ದನಿ ತಗ್ಗಿಸಿ. "ಜ್ವರ ಇಲ್ಲ, ಕೆಮ್ಮಿಲ್ಲ, ಟೆಸ್ಟೂ ನೆಗೆಟಿವ್ ಅದ. ಆದ್ರೂ ಹೊರಗ ಬರವಲ್ಲಳು. ನೀನಾದ್ರೂ ಮಾತಾಡು."

ಚಹಾ ಮಾಡಿಕೊಂಡು ಹೋಗಿ ನಮ್ಮ ಕೋಣೆಯ ಬಾಗಿಲು ತಟ್ಟಿದೆ. ಒಳಗೆ ಮೆಲ್ಲಗೆ ದಾಸರ ಪದ ಗುನುಗುವುದು ಕೇಳಿಸುತ್ತಿತ್ತು. ನಿಂತಿತು.

"ಅತ್ತೆ, ನಾನು, ಸುಧಾ. ಬಂದೆ."

"ಬಂದ್ಯಾ? ಅರಾಮ ಇದ್ದೀಯಾ?"

"ಆರಾಮಾಗಿದ್ದೀನಿ. ನಿಮ್ದೂ ಮುಗಿದಿದೆಯಂತೆ ಅತ್ತೆ, ಇನ್ನು ಹೊರಗೆ ಬರಬಹುದು."

ಒಳಗೆ ಮಂಚ ಕಿರುಗುಟ್ಟಿತು. ಹೆಜ್ಜೆಗಳು ಬಾಗಿಲವರೆಗೆ ಬಂದು ನಿಂತವು.

"ಗೊತ್ತದ" ಎಂದರು ಅತ್ತೆ. "ಇನ್ನೊಂದೆರಡ ದಿನ ಇರ್ತೀನಲ್ಲ?"

ನಾನು ಚಹಾದ ಲೋಟವನ್ನು ಹೊಸ್ತಿಲ ಬಳಿ ಇಟ್ಟೆ. ಹಾಲಿಗೆ ಬಂದಾಗ ಗಿರೀಶ, ಮಕ್ಕಳಿಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ನಿಯಮ ಬದಲಾಗಿದೆಯಂತೆ" ಎಂದೆ. "ಇನ್ನೆರಡು ದಿನ ಒಳಗೇ ಇರಬೇಕಂತೆ."

ಆ ದಿನಗಳಲ್ಲಿ ನಿಯಮಗಳು ಬದಲಾಗುತ್ತಲೇ ಇದ್ದವು. ಯಾರೂ ಏನೂ ಕೇಳಲಿಲ್ಲ.